ಬೆಂಗಳೂರಿಗೆ ಬರುತ್ತಿದ್ದೀರಾ? ಮನೆಗಿಂತ ಮೊದಲು ಏರಿಯಾ ಗೊತ್ತುಮಾಡಿಕೊಳ್ಳುವುದು ಹೇಗೆ

ಆಫರ್ ಲೆಟರ್ ಕೈಗೆ ಬಂದ ಕೂಡಲೇ ದಾವಣಗೆರೆಯವರಾಗಲಿ, ಕಲಬುರಗಿಯವರಾಗಲಿ, ಪುತ್ತೂರಿನವರಾಗಲಿ ಮೊದಲು ಮಾಡುವುದು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೊಂದು ಫೋನ್. ವಿಜಯನಗರದಲ್ಲಿರುವವನು ವಿಜಯನಗರದಂಥ ಏರಿಯಾ ಇನ್ನೊಂದಿಲ್ಲ ಅನ್ನುತ್ತಾನೆ. ಎಚ್‌ಎಸ್‌ಆರ್ ಲೇಔಟಿನವನು ಅದೇ ಮಾತನ್ನು ಎಚ್‌ಎಸ್‌ಆರ್ ಬಗ್ಗೆ ಹೇಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅವರವರ ಆಫೀಸಿಗೆ ಅದು ಸರಿಹೋಗಿದೆ, ಅಷ್ಟೆ. ನಿಮ್ಮ ಆಫೀಸು ಬೇರೆ, ಮಕ್ಕಳ ವಯಸ್ಸು ಬೇರೆ, ಹಬ್ಬಕ್ಕೆ ಊರಿಗೆ ಹೊರಡುವ ದಿಕ್ಕೂ ಬೇರೆ.

ಮನೆ ಹಿಡಿಸದಿದ್ದರೆ ಅದೇ ಬೀದಿಯಲ್ಲಿ ಇನ್ನೊಂದಕ್ಕೆ ಹೋಗಬಹುದು. ಏರಿಯಾವೇ ಹೊಂದದಿದ್ದರೆ ಶಾಲೆ, ಗ್ಯಾಸ್ ವಿಳಾಸ, ಮುಂಗಡದ ದುಡ್ಡು ಎಲ್ಲವನ್ನೂ ಕಿತ್ತು ಮತ್ತೆ ನೆಡಬೇಕು. ಹೆಚ್ಚಿನವರು ಬಾಡಿಗೆ ನೋಡಿ ಏರಿಯಾ ಆರಿಸುತ್ತಾರೆ, ಸೇರಿದ ಮೇಲೆ ಪ್ರಯಾಣ, ನೀರು, ಮಳೆಯ ವಿಷಯ ಒಂದೊಂದಾಗಿ ತಿಳಿಯುತ್ತದೆ. ಈ ಕ್ರಮವನ್ನು ತಿರುಗಿಸಿ: ಮೊದಲು ಪ್ರಯಾಣ, ಆಮೇಲೆ ನೀರು, ಆಮೇಲೆ ಮಳೆ. ಬಾಡಿಗೆಯ ಚೌಕಾಸಿ ಅದಾದ ಮೇಲೆ.

1. ಆಫೀಸಿನ ಗೇಟಿನಿಂದ ಹಿಂದಕ್ಕೆ ಬನ್ನಿ

"ಕಂಪನಿ ಬೆಂಗಳೂರಲ್ಲಿದೆ" ಅನ್ನುವುದು ವಿಳಾಸವಲ್ಲ. ಒಂದೇ ಕಂಪನಿಗೆ ವೈಟ್‌ಫೀಲ್ಡಿನಲ್ಲೊಂದು, ಎಲೆಕ್ಟ್ರಾನಿಕ್ ಸಿಟಿಯಲ್ಲೊಂದು ಕ್ಯಾಂಪಸ್ ಇರುವುದು ಮಾಮೂಲು. ಎಚ್‌ಆರ್‌ನವರನ್ನು ನಾಲ್ಕು ವಿಷಯ ಕೇಳಿ: ಯಾವ ಕಟ್ಟಡ, ವಾರಕ್ಕೆ ಎಷ್ಟು ದಿನ ಬರಬೇಕು, ಶಿಫ್ಟ್ ಎಷ್ಟು ಗಂಟೆಗೆ, ಕಂಪನಿ ಕ್ಯಾಬ್ ಯಾವ ಏರಿಯಾದವರೆಗೆ ಬರುತ್ತದೆ. ಕೊನೆಯದನ್ನು ಯಾರೂ ಕೇಳುವುದಿಲ್ಲ. ರಾತ್ರಿ ಶಿಫ್ಟಿನವರಿಗೆ ಅದೇ ಮುಖ್ಯ.

ಆಮೇಲೆ ಮ್ಯಾಪ್ ತೆರೆಯಿರಿ. "ಈಗ ಹೊರಟರೆ" ಎಂದು ನೋಡಬೇಡಿ. ಮಂಗಳವಾರ ಅಥವಾ ಬುಧವಾರ ಬೆಳಗ್ಗೆ 9.30ಕ್ಕೆ ತಲುಪಬೇಕು ಎಂದು ಹಾಕಿ, ಸಂಜೆ 6ಕ್ಕೆ ವಾಪಸ್ ಹೊರಡುವುದನ್ನೂ ಹಾಕಿ. ಎರಡೂ ಕಡೆಯ ಸಮಯ ಬರೆದಿಟ್ಟುಕೊಳ್ಳಿ. ಈ ಊರಿನಲ್ಲಿ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಭಾನುವಾರ ಬೆಳಗ್ಗೆ ಮಾರತ್‌ಹಳ್ಳಿಯಿಂದ ಸಿಲ್ಕ್‌ಬೋರ್ಡಿಗೆ ಬಂದು "ಇಷ್ಟೇನಾ?" ಅಂದವರು ಸೋಮವಾರದ ನಂತರ ಆ ಮಾತು ಆಡುವುದಿಲ್ಲ.

ದಿನಾ ಹೋಗುವವರಾದರೆ ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆ ಗರಿಷ್ಠ ಅಂದುಕೊಳ್ಳಿ. ವಾರಕ್ಕೆ ಎರಡೇ ದಿನವಾದರೆ ಒಂದೂವರೆ ಗಂಟೆಯೂ ನಡೆಯುತ್ತದೆ. ಆಗ ಆಯ್ಕೆ ತುಂಬಾ ಹಿಗ್ಗುತ್ತದೆ, ಬಾಡಿಗೆ ಇಳಿಯುತ್ತದೆ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ, ಒಬ್ಬರದು ಊರಿನ ಉತ್ತರದ ಮಾನ್ಯತಾ ಟೆಕ್ ಪಾರ್ಕ್, ಇನ್ನೊಬ್ಬರದು ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿ ಆಗಿದ್ದರೆ, ನಟ್ಟನಡುವೆ ಮನೆ ಹಿಡಿಯುವುದು ನ್ಯಾಯ ಅನ್ನಿಸುತ್ತದೆ. ಆದರೆ ನಡುವೆ ಇದ್ದರೆ ಇಬ್ಬರೂ ದಿನಾ ಟ್ರಾಫಿಕ್ಕಿನಲ್ಲೇ. ಮಗುವನ್ನು ಸಂಜೆ ಡೇಕೇರ್‌ನಿಂದ ಕರೆತರುವವರು ಯಾರೋ ಅವರ ಆಫೀಸಿನ ಹತ್ತಿರ ಮನೆ ಮಾಡಿ, ಇನ್ನೊಬ್ಬರು ಮೆಟ್ರೊ ಹಿಡಿಯುವಂತಿರಲಿ ಎನ್ನುವುದು ನನ್ನ ಅಭಿಪ್ರಾಯ.

2. ಮೆಟ್ರೊ ನಕ್ಷೆಯ ಮೇಲೆ ಎರಡು ಮೂರು ಏರಿಯಾ ಗುರುತಿಸಿ

ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೆ ಪೂರ್ತಿ ಓಡುತ್ತಿದೆ, ಸುಮಾರು 43 ಕಿಲೋಮೀಟರ್, 37 ನಿಲ್ದಾಣ. ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದಿಂದ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆವರೆಗೆ. ಎರಡೂ ಮೆಜೆಸ್ಟಿಕ್ಕಿನಲ್ಲಿ ಕೂಡುತ್ತವೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗದಿಂದ ಕವಲೊಡೆದು ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುತ್ತದೆ.

ಇದರಿಂದ ಹಳೆಯ ಲೆಕ್ಕಾಚಾರಗಳೆಲ್ಲ ಬದಲಾಗಿವೆ. ಐಟಿಪಿಎಲ್ ಟೆಕ್ ಪಾರ್ಕಿನಲ್ಲಿ ಕೆಲಸವಿದ್ದವರು ಮೊದಲು ವೈಟ್‌ಫೀಲ್ಡಿನಲ್ಲೇ ಮನೆ ಹುಡುಕಬೇಕಿತ್ತು. ಈಗ ವಿಜಯನಗರದಲ್ಲೋ, ಇಂದಿರಾನಗರದ ಆಚೆ ಈಚೆಯೋ ಇದ್ದು, ರೈಲು ಬದಲಿಸದೆ ಅದರ ಹತ್ತಿರದ ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿ ಇಳಿಯಬಹುದು. ವಿಜಯನಗರದಿಂದ ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ, ನಿಂತೇ ಹೋಗಬೇಕಾಗಬಹುದು. ಆದರೆ ಇಂದು ಎಷ್ಟೋ ನಾಳೆಯೂ ಅಷ್ಟೇ, ಮಳೆ ಬಂದರೂ ಅಷ್ಟೇ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಜಯನಗರ, ಬನಶಂಕರಿ, ಜೆ.ಪಿ. ನಗರಗಳು ಈಗ ಹತ್ತಿರವಾಗಿವೆ. ಪೀಣ್ಯದ ಕಾರ್ಖಾನೆಗಳಿಗೆ ಬರುವವರಿಗೆ ಹಸಿರು ಮಾರ್ಗದ ಉದ್ದಕ್ಕೂ ಆಯ್ಕೆಗಳಿವೆ: ದಾಸರಹಳ್ಳಿ, ನಾಗಸಂದ್ರದ ಕಡೆ ಕಡಿಮೆ ಬಾಡಿಗೆ, ಮಲ್ಲೇಶ್ವರ, ರಾಜಾಜಿನಗರದ ಕಡೆ ಜಾಸ್ತಿ.

ನಾಗವಾರದ ಮಾನ್ಯತಾ ಮತ್ತು ಬೆಳ್ಳಂದೂರು–ಮಾರತ್‌ಹಳ್ಳಿಯ ಹೊರವರ್ತುಲ ರಸ್ತೆಯ ಆಫೀಸುಗಳ ಕಡೆ ಈ ಮೂರು ಮಾರ್ಗಗಳು ಹೋಗುವುದಿಲ್ಲ, ಹಾಗಾಗಿ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿಗೆ ಹೋಗುವವರು ಆದಷ್ಟು ಆಫೀಸಿನ ಬಗಲಲ್ಲೇ, ಮುಖ್ಯ ರಸ್ತೆ ದಾಟುವ ಅಗತ್ಯವಿಲ್ಲದ ಬದಿಯಲ್ಲೇ ಮನೆ ನೋಡುವುದು ವಾಸಿ. ಬಿಎಂಟಿಸಿಯ 500ರ ಸರಣಿಯ ಬಸ್ಸುಗಳು ಆ ರಸ್ತೆಯಲ್ಲಿ ಧಾರಾಳವಾಗಿವೆ, ಆದರೆ ಬಸ್ಸಿಗೂ ಕಾರಿಗೂ ರಸ್ತೆ ಒಂದೇ.

"ಮುಂದೆ ಇಲ್ಲೇ ಮೆಟ್ರೊ ಬರುತ್ತೆ ಸರ್" ಎಂಬ ಬ್ರೋಕರ್ ಮಾತಿಗೆ ಬಾಡಿಗೆ ಕೊಡಬೇಡಿ. ಬರುವ ತನಕ ನಿಮಗೆ ಸಿಗುವುದು ಬ್ಯಾರಿಕೇಡು ಮತ್ತು ಧೂಳು. ರೈಲು ಓಡತೊಡಗಿದ ಮೇಲೆ ಬಾಡಿಗೆಯೂ ಏರುತ್ತದೆ. ಮೆಟ್ರೊದಿಂದ ಮನೆಗೆ ಎಷ್ಟು ದೂರ ಎಂಬುದನ್ನೂ ಮ್ಯಾಪಿನಲ್ಲಿ ನೋಡಿ ಬಿಡಬೇಡಿ, ನಡೆದು ನೋಡಿ. ಹದಿನೈದು ನಿಮಿಷದೊಳಗೆ ಫುಟ್‌ಪಾತ್ ಇರುವ ದಾರಿಯಲ್ಲಿ ತಲುಪಿದರೆ ಸರಿ. ಅದಕ್ಕಿಂತ ಹೆಚ್ಚಾದರೆ ದಿನಾ ಆಟೊ, ತಿಂಗಳ ಕೊನೆಗೆ ಅದೇ ಎರಡನೇ ಬಾಡಿಗೆ.

3. ಊರಿನ ದಿಕ್ಕು ಮರೆಯಬೇಡಿ

ತಂದೆ ತಾಯಿ ಊರಲ್ಲಿದ್ದು ತಿಂಗಳಿಗೊಮ್ಮೆ ಹೋಗಿಬರುವವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಹಾಸನ, ಮಂಗಳೂರಿನ ಬಸ್ಸುಗಳೆಲ್ಲ ಗೊರಗುಂಟೆಪಾಳ್ಯ ದಾಟಿ ತುಮಕೂರು ರಸ್ತೆಯಲ್ಲೇ ಹೊರಬೀಳುತ್ತವೆ. ಶುಕ್ರವಾರ ರಾತ್ರಿ ಸರ್ಜಾಪುರ ರಸ್ತೆಯಿಂದ ಅಲ್ಲಿಗೆ ಬರುವಷ್ಟರಲ್ಲಿ, ಯಶವಂತಪುರದಲ್ಲಿ ಹತ್ತಿದವರು ತುಮಕೂರಿನ ಹತ್ತಿರವಿರುತ್ತಾರೆ. ಮೈಸೂರು, ಮಂಡ್ಯ, ಚಾಮರಾಜನಗರದವರಿಗೆ ಕೆಂಗೇರಿ, ರಾಜರಾಜೇಶ್ವರಿ ನಗರ ಅನುಕೂಲ. ಕೋಲಾರದವರಿಗೆ ಕೆ.ಆರ್. ಪುರ, ಚಿಕ್ಕಬಳ್ಳಾಪುರದವರಿಗೆ ಯಲಹಂಕ. ರೈಲಿನವರು ತಮ್ಮ ಗಾಡಿ ಮೆಜೆಸ್ಟಿಕ್ಕಿನಿಂದಲೋ, ಯಶವಂತಪುರದಿಂದಲೋ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೋ ಹೊರಡುತ್ತದೆ ಎಂದು ನೋಡಿಕೊಳ್ಳಿ.

4. ನೀರು: ಸಂಪಿನ ಮುಚ್ಚಳ ತೆಗೆಸಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದರ ಮೇಲೆ ಕಳೆಯಿರಿ. ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಹಳೆಯ ಬಡಾವಣೆಗಳಲ್ಲಿ ಪೈಪ್ ಹಳೆಯದಾದರೂ ನೀರು ಬರುತ್ತದೆ, ಹೆಚ್ಚಿನ ಕಡೆ ದಿನ ಬಿಟ್ಟು ದಿನ ಕೆಲವು ಗಂಟೆ. ಬಂದದ್ದು ಸಂಪಿಗೆ ಬಿದ್ದು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರುತ್ತದೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಕಥೆ ಬೇರೆ. ಮಹದೇವಪುರ, ಬೊಮ್ಮನಹಳ್ಳಿ ಕಡೆಯ ಹೊಸ ಬಡಾವಣೆಗಳು ಬಹುಪಾಲು ಈ ಹಳ್ಳಿಗಳ ಹೊಲದ ಮೇಲೆ ಎದ್ದವು, ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಹೆಚ್ಚು ಪರದಾಡಿದ್ದು ಇವೇ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ ಈ 110 ಹಳ್ಳಿಗಳಿಗೆ.

ಆದರೆ ಬೀದಿಗೆ ಲೈನ್ ಬಂದಿದೆ ಎಂದರೆ ಮನೆಗೆ ಕನೆಕ್ಷನ್ ಇದೆ ಎಂದಲ್ಲ. ಓನರ್ ದುಡ್ಡು ಕಟ್ಟಿ ಹಾಕಿಸಿಕೊಂಡಿರಬೇಕು. "ಕಾವೇರಿ ಇದೆ" ಎಂಬ ಬಾಯಿಮಾತು ಸಾಲದು, ಜಲಮಂಡಳಿಯ ಇತ್ತೀಚಿನ ಬಿಲ್ ತೋರಿಸಿ ಎಂದು ಕೇಳಿ. ಸಂಕೋಚ ಬೇಡ. ಬಿಲ್ಲಿನಲ್ಲಿ ಎಷ್ಟು ನೀರು ಬಳಕೆಯಾಗಿದೆ ಎಂದೂ ಇರುತ್ತದೆ. ಆರು ಮನೆಗಳ ಕಟ್ಟಡಕ್ಕೆ ಬಳಕೆ ತೀರಾ ಕಡಿಮೆ ಕಂಡರೆ ಉಳಿದದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳುವುದು ನಿಮ್ಮ ಹಕ್ಕು.

ಸಂಪಿನ ಮುಚ್ಚಳ ತೆಗೆಸಿ ನೋಡಿ. ಕೆಳಗೆ ಒಂದು ಅಡಿ ನೀರು ಮಾತ್ರ ಇದ್ದು ಗೋಡೆಯ ಮೇಲೆ ಒಣಗಿದ ಗೆರೆ ಬಹಳ ಮೇಲಿದ್ದರೆ ಕಾರಣ ಕೇಳಿ. ಬಚ್ಚಲುಮನೆಯ ನಲ್ಲಿ, ಷವರ್ ತೂತುಗಳ ಸುತ್ತ ಬಿಳಿ ಗಟ್ಟಿ ಪದರ ಕಟ್ಟಿದ್ದರೆ ಅದು ಬೋರ್‌ವೆಲ್ಲಿನ ಗಡಸು ನೀರು: ಸೋಪು ನೊರೆ ಬರುವುದಿಲ್ಲ, ಗೀಸರ್ ಕೆಡುತ್ತದೆ, ಕೂದಲು ಉದುರುತ್ತದೆ ಎಂಬ ದೂರು ಮನೆಯಲ್ಲಿ ಶುರುವಾಗುತ್ತದೆ. ಕೊನೆಗೆ ಬೀದಿಯ ಇಸ್ತ್ರಿ ಅಂಗಡಿಯ ಮುಂದೆ ನಿಲ್ಲಿ. "ಅಣ್ಣಾ, ಈ ರೋಡಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಬರತ್ತಾ?" ಎಂದು ಕೇಳಿ. ಓನರ್ ಹೇಳದ್ದನ್ನು ಅವರು ಹೇಳುತ್ತಾರೆ, ಯಾವ ಮನೆಗೆ ವಾರಕ್ಕೆ ಎಷ್ಟು ಲೋಡ್ ಎಂಬ ಸಮೇತ.

ಅಪಾರ್ಟ್‌ಮೆಂಟಾದರೆ ಟ್ಯಾಂಕರ್ ಖರ್ಚು ಮೇಂಟೆನೆನ್ಸ್‌ನಲ್ಲಿ ಸೇರಿದೆಯೋ, ಬೇಸಿಗೆಯಲ್ಲಿ ಪ್ರತ್ಯೇಕವೋ ಎಂದು ಸೆಕ್ಯುರಿಟಿಯವರನ್ನಲ್ಲ, ಅಸೋಸಿಯೇಷನ್‌ನವರನ್ನು ಕೇಳಿ.

5. ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ

ಈ ಊರು ದಿಣ್ಣೆಯ ಮೇಲಿದೆ. ನೀರು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಿಗೆ ಇಳಿಯುತ್ತದೆ. ದಾರಿಯುದ್ದಕ್ಕೂ ಕೆರೆಗಳಿದ್ದವು, ಒಂದರ ಕೋಡಿ ಇನ್ನೊಂದಕ್ಕೆ ರಾಜಕಾಲುವೆಯಲ್ಲಿ ಹರಿಯುತ್ತಿತ್ತು. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ, ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಶಿನಿವಾಗಿಲು ಕೆರೆಯಲ್ಲಿ. ಕೆರೆ ಹೋದರೂ ತಗ್ಗು ಹಾಗೇ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಐಟಿ ನೌಕರರು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರು, ಸರ್ಜಾಪುರ ರಸ್ತೆಯ ಕೋಟ್ಯಂತರ ರೂಪಾಯಿಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಕರೆತಂದರು. 2025ರ ಮೇನಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ಬಾಡಿಗೆ ಜಾಸ್ತಿ ಇದ್ದ ಮಾತ್ರಕ್ಕೆ ಜಾಗ ಎತ್ತರದಲ್ಲಿದೆ ಎಂದೇನಿಲ್ಲ.

ಬೀದಿಯಲ್ಲಿ ನಡೆಯುವಾಗ ಗೇಟುಗಳನ್ನು ನೋಡಿ. ಗೇಟಿನಡಿ ಮೊಣಕಾಲೆತ್ತರ ಸಿಮೆಂಟ್ ಕಟ್ಟೆ ಎಬ್ಬಿಸಿದ್ದಾರೆಯೇ? ನೆಲಮಹಡಿಯ ಕಿಟಕಿಯ ಕೆಳಗೆ ಬಣ್ಣ ಒಂದೇ ಮಟ್ಟದಲ್ಲಿ ಉಬ್ಬಿ ಉದುರಿದೆಯೇ? ಬೇಸ್‌ಮೆಂಟ್‌ನಲ್ಲಿ ಮೂಲೆಗೊಂದು ಡೀಸೆಲ್ ಪಂಪ್ ಕಾಯುತ್ತಿದೆಯೇ? ಅವು ಯಾರೂ ಸುಮ್ಮನೆ ಮಾಡಿಸಿದ್ದಲ್ಲ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ, ಹಳ್ಳಿ ನಕ್ಷೆಯಲ್ಲಿ ಕೆರೆ, ಹಳ್ಳ ಹತ್ತಿರವಿದೆಯೇ ನೋಡಬಹುದು. ಬಾಡಿಗೆಗೆ ಇಷ್ಟೆಲ್ಲ ಬೇಕೇ ಎನ್ನಬಹುದು. ನೆಲಮಹಡಿ ಅಥವಾ ಬೇಸ್‌ಮೆಂಟ್ ಪಾರ್ಕಿಂಗ್ ಆದರೆ ಬೇಕು. ಎರಡನೇ ಮಹಡಿಯಾದರೆ ಮಳೆಯ ಮಾರನೆಯ ದಿನ ಬೀದಿ ದಾಟಿ ಹೋಗಲು ಆಗುತ್ತದೆಯೇ ಎಂದಷ್ಟೇ ಕೇಳಿದರೆ ಸಾಕು.

6. ಮೂರು ಹೊತ್ತು ಓಡಾಡಿ

ಬ್ರೋಕರ್ ನಿಮ್ಮನ್ನು ಮಧ್ಯಾಹ್ನ ಕರೆದುಕೊಂಡು ಹೋಗುತ್ತಾನೆ. ಮಧ್ಯಾಹ್ನ ಎಲ್ಲ ಏರಿಯಾವೂ ಚೆಂದ. ಬೆಳಗ್ಗೆ ಎಂಟಕ್ಕೆ ಒಮ್ಮೆ ಹೋಗಿ: ಕಸದ ಆಟೊ ಬರುತ್ತದೆಯೇ, ಮೂಲೆಯಲ್ಲಿ ಕಸದ ಗುಡ್ಡೆ ಇದೆಯೇ, ಶಾಲಾ ವ್ಯಾನ್‌ಗಳು ನಿಲ್ಲುತ್ತವೆಯೇ ಕಾಣುತ್ತದೆ. ರಾತ್ರಿ ಒಂಬತ್ತೂವರೆಗೆ ಮೆಟ್ರೊ ನಿಲ್ದಾಣದಿಂದ ಮನೆವರೆಗೆ ನಡೆಯಿರಿ. ಮನೆಯಿಂದ ಹೆಂಗಸರು, ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುವವರಿದ್ದರೆ ಅವರೇ ಒಮ್ಮೆ ನಡೆದು ಹೇಳಲಿ, ಅವರ ಪರವಾಗಿ ನೀವು ತೀರ್ಮಾನ ಮಾಡಬೇಡಿ. ಬೀದಿದೀಪ, ಬೀದಿನಾಯಿ, ತೆರೆದಿರುವ ಅಂಗಡಿಗಳು, ಇಷ್ಟನ್ನು ನೋಡಿದರೆ ಗೊತ್ತಾಗುತ್ತದೆ. ಶನಿವಾರ ಸಂಜೆ ಮೂರನೇ ಸಲ. ಹಿಂದಿನ ಬೀದಿಯಲ್ಲಿ ಕಲ್ಯಾಣ ಮಂಟಪವೋ ಪಬ್ಬೋ ಇದ್ದರೆ ಆಗ ಕಿವಿಗೆ ಬೀಳುತ್ತದೆ. ಮನೆಯೊಳಗೆ ನಿಂತು ಒಂದು ಕಾಲ್ ಮಾಡಿ ನೋಡಿ, ಒತ್ತೊತ್ತಾಗಿ ಕಟ್ಟಿದ ಬೀದಿಗಳಲ್ಲಿ ಸಿಗ್ನಲ್ ನಡುಮನೆಗೇ ನಿಲ್ಲುತ್ತದೆ.

ಶಾಲೆಗೆ ಹೋಗುವ ಮಕ್ಕಳಿದ್ದರೆ ಸೀಟು ಖಚಿತವಾದ ಮೇಲೆ ಮನೆ. ಉಲ್ಟಾ ಮಾಡಬೇಡಿ. ಆರು ವರ್ಷದ ಮಗು ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕೂರುವುದಕ್ಕಿಂತ ಅಪ್ಪ ಹೆಚ್ಚು ದೂರ ಹೋಗುವುದು ಮೇಲು.

7. ಓನರ್ ಕೇಳುವ ಪ್ರಶ್ನೆಗಳು

"ಎಷ್ಟು ಜನ ಇರ್ತೀರಾ? ಯಾವ ಕಡೆಯವರು? ನಾನ್‌ವೆಜ್ ಮಾಡ್ತೀರಾ?" ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ, ಓನರ್ ಕೆಳಗೇ ಇರುವ ಮನೆಗಳಲ್ಲಿ ಇವು ತಪ್ಪುವುದಿಲ್ಲ. "ಯಾವ ಕಡೆಯವರು" ಅನ್ನುವುದರಲ್ಲಿ ಜಾತಿಯ ಪ್ರಶ್ನೆಯೂ ಅಡಗಿರುತ್ತದೆ, ಅದು ನಮ್ಮ ನಡುವೆ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊಟದ ವಿಷಯದಲ್ಲಿ ಸುಳ್ಳು ಹೇಳಿ ಸೇರಿಕೊಂಡರೆ ಪ್ರತಿ ಭಾನುವಾರ ಕಿಟಕಿ ಮುಚ್ಚಿ ಅಡುಗೆ ಮಾಡಬೇಕಾಗುತ್ತದೆ. ಅದಕ್ಕಿಂತ "ಆಂಟಿ, ನಾವು ಮಾಡ್ತೀವಿ, ನಿಮಗೆ ಪರವಾಗಿಲ್ವಾ?" ಎಂದು ಮೊದಲೇ ಕೇಳಿ, ಇಲ್ಲವೆಂದರೆ ಮುಂದಿನ ಮನೆಗೆ ನಡೆಯುವುದು ನೆಮ್ಮದಿ. ಬ್ಯಾಚುಲರ್‌ಗಳಿಗೆ ಬಾಗಿಲು ಸುಲಭವಾಗಿ ತೆರೆಯುವುದು ಆಫೀಸುಗಳ ಸುತ್ತಲಿನ ಹೊಸ ಏರಿಯಾಗಳಲ್ಲಿ.

ಇನ್ನು ಭಾಷೆ. ವಿಜಯನಗರ, ನಾಗರಬಾವಿ, ಬನಶಂಕರಿ, ಕೆಂಗೇರಿ ಕಡೆ ತರಕಾರಿ ಗಾಡಿಯಿಂದ ಕ್ಲಿನಿಕ್‌ವರೆಗೆ ಕನ್ನಡದಲ್ಲೇ ದಿನ ಕಳೆಯುತ್ತದೆ. ಊರಿನಿಂದ ಅಮ್ಮನೂ ಜೊತೆ ಬರುವುದಾದರೆ ಇದು ಸಣ್ಣ ವಿಷಯವಲ್ಲ. ಮಗ ಆಫೀಸಿಗೆ ಹೋದ ಮೇಲೆ ಅವರಿಗೆ ಮಾತಾಡಲು ಪಕ್ಕದ ಮನೆಯವರು ಬೇಕು, ನಡೆದು ಹೋಗಲು ದೇವಸ್ಥಾನವೋ ಪಾರ್ಕೋ ಬೇಕು.

8. ಈಗ ದುಡ್ಡು

ಬಾಡಿಗೆ 22,000 ಎಂದಿಟ್ಟುಕೊಳ್ಳಿ. ಮುಂಗಡ ಐದು ತಿಂಗಳದ್ದಾದರೆ 1,10,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ ಸೇರಿ 1,54,000. ಹಳೆಯ ಪದ್ಧತಿಯಂತೆ ಹತ್ತು ತಿಂಗಳು ಕೇಳಿದರೆ 2,64,000. ಲಾರಿ ಬಾಡಿಗೆ ಬೇರೆ. ಮುಂಗಡದಲ್ಲಿ ಚೌಕಾಸಿಗೆ ಬಾಡಿಗೆಗಿಂತ ಹೆಚ್ಚು ಜಾಗವಿದೆ, ಧೈರ್ಯವಾಗಿ ಕೇಳಿ. ಎರಡು ಏರಿಯಾ ಹೋಲಿಸುವಾಗ ಬಾಡಿಗೆ, ಮೇಂಟೆನೆನ್ಸ್, ನೀರು, ಓಡಾಟ ನಾಲ್ಕನ್ನೂ ಕೂಡಿಸಿ. ಆಫೀಸಿಗೆ ನಡೆದು ಹೋಗುವ ಮನೆ ನಾಲ್ಕು ಸಾವಿರ ದುಬಾರಿಯಾದರೂ ಒಟ್ಟಿನಲ್ಲಿ ಅಗ್ಗವಾಗಬಹುದು.

ಭೋಗ್ಯಕ್ಕೆ, ಅಂದರೆ ಲೀಸಿಗೆ, ಹಲವು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವ ಆಸೆ ಹೊಸಬರಿಗೆ ಬೇಡ. ಓನರ್ ಬ್ಯಾಂಕ್ ಸಾಲ ಕಟ್ಟದೆ ಮನೆ ಹರಾಜಿಗೆ ಬಂದರೆ ನಿಮ್ಮ ದುಡ್ಡಿಗೆ ಕೋರ್ಟು ಅಲೆಯಬೇಕು.

9. ಕೆಲಕಾಲ ಪಿಜಿ, ಆಮೇಲೆ ಮನೆ

ಸಾಧ್ಯವಾದರೆ ಮನೆಯವರಲ್ಲಿ ಒಬ್ಬರು ಮುಂಚೆ ಬನ್ನಿ. ಗುರುತಿಸಿಕೊಂಡ ಏರಿಯಾದಲ್ಲೇ ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇದ್ದು ಆಫೀಸಿಗೆ ಓಡಾಡಿ ನೋಡಿ. ಒಳ್ಳೆಯ ಮನೆಗಳು ಆ್ಯಪ್‌ಗೆ ಬರುವ ಮೊದಲೇ ಗೇಟಿನ ಟು-ಲೆಟ್ ಬೋರ್ಡಿನಲ್ಲಿ ಹೋಗಿಬಿಡುತ್ತವೆ. ಸಂಜೆ ನಡೆದಾಡುವವರ ಕಣ್ಣಿಗೇ ಅವು ಬೀಳುವುದು, ಬ್ರೋಕರ್ ದುಡ್ಡೂ ಉಳಿಯುತ್ತದೆ.

ಸಮಯವೂ ಮುಖ್ಯ. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಶಾಲೆ ನೋಡಿ ಮನೆ ಬದಲಿಸುವವರ ನೂಕುನುಗ್ಗಲು. ಆಷಾಢ ಬಂತೆಂದರೆ ಹಾಲುಕ್ಕಿಸುವವರು ಕಡಿಮೆ, ಮನೆ ಖಾಲಿ ಉಳಿಯುತ್ತದೆ, ಓನರ್ ಮೃದುವಾಗುತ್ತಾರೆ. ಧನುರ್ಮಾಸದಲ್ಲೂ ಹಾಗೆಯೇ. ಶಾಸ್ತ್ರದ ಅಡ್ಡಿ ಇಲ್ಲದವರು ಆಗ ಚೌಕಾಸಿ ಮಾಡಬಹುದು. ಅಡ್ಡಿ ಇರುವವರು ಆಷಾಢದಲ್ಲಿ ನೋಡಿ, ಮಾತು ಮುಗಿಸಿ, ಶ್ರಾವಣದ ಮೊದಲ ವಾರ ಪ್ರವೇಶ ಮಾಡಬಹುದು. ಆಷಾಢದಲ್ಲಿ ಮಳೆಯೂ ಇರುವುದರಿಂದ ಮೇಲೆ ಹೇಳಿದ ಮಳೆನೀರಿನ ಪರೀಕ್ಷೆ ತಾನಾಗಿಯೇ ಆಗುತ್ತದೆ.

10. ಮುಂಗಡ ಕೊಡುವ ಮುನ್ನ

ಮನೆ ಕಣ್ಣಾರೆ ನೋಡದೆ ಟೋಕನ್ ಕಳಿಸಬೇಡಿ. ದೂರದೂರಿನಲ್ಲಿದ್ದೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಕೀ ಕಳಿಸುತ್ತೇನೆ ಎನ್ನುವವರು ಓನರ್ ಅಲ್ಲ.

ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬುದಕ್ಕೆ. ಅದರಲ್ಲಿ ನಾಲ್ಕು ಸಾಲು ಓದಿ: ಬಿಡುವಾಗ ಎಷ್ಟು ತಿಂಗಳ ನೋಟಿಸ್, ವರ್ಷಕ್ಕೆ ಬಾಡಿಗೆ ಎಷ್ಟು ಏರಿಕೆ, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಮುಂಗಡ ಯಾವ ದಿನ ವಾಪಸ್. ಹೆಚ್ಚಿನ ಓನರ್‌ಗಳು ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಕೆಲವೇ ತಿಂಗಳಿಗೆ ಬಿಟ್ಟರೂ ಅಷ್ಟೇ ಮುರಿಯುತ್ತಾರೆಯೇ ಎಂಬುದನ್ನು ಬರೆಸಿಕೊಳ್ಳಿ.

ಕರೆಂಟ್ ಮೀಟರ್ ನಿಮ್ಮ ಮನೆಗೇ ಪ್ರತ್ಯೇಕವೇ ನೋಡಿ, ಆರ್‌ಆರ್ ನಂಬರ್ ಬರೆದುಕೊಳ್ಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಹಿಂದೆ ಇದ್ದವರ ಆಧಾರ್ ಆ ನಂಬರಿನಿಂದ ಡಿಲಿಂಕ್ ಆಗಿರಬೇಕು. ಮುಂಗಡ ಬ್ಯಾಂಕ್ ಮೂಲಕವೇ ಹೋಗಲಿ, ಕರಾರಿನಲ್ಲಿರುವ ಓನರ್ ಹೆಸರಿನ ಖಾತೆಗೇ. ಕೀ ತೆಗೆದುಕೊಂಡ ದಿನ ಮೀಟರ್ ರೀಡಿಂಗ್, ಗೋಡೆಯ ಬಿರುಕು, ತೇವದ ಕಲೆ, ಮುರಿದ ಚಿಲಕಗಳ ಫೋಟೊ ತೆಗೆದು ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿಬಿಡಿ. ಹಾಲು ಉಕ್ಕಿಸುವುದು ಅದಾದ ಮೇಲೆ.